ಜೀವಶಾಸ್ತ್ರದವರಿಗೊಂದು ಕಲನ: ಮುಂಬಯಿಯ ಪ್ಲೇಗಿನಿಂದ ಕ್ಲಿಯರ್ ಲೇಕ್‌ವರೆಗೆ



ಕಲನಶಾಸ್ತ್ರ, ಅಂದರೆ ನಾವೆಲ್ಲ ಕ್ಯಾಲ್ಕ್ಯುಲಸ್ ಎನ್ನುವ ವಿಷಯ, ಸಮ್ಮೇಳನದ ಮುಖ್ಯ ಭಾಷಣಕ್ಕೆ ಆಗಬಹುದೇ ಎಂದು ನಾನು ಸಂಘಟಕರನ್ನು ಕೇಳಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು, "ಆಗಬಹುದು, ಊಟಕ್ಕೆ ಮುಂಚೆ ಮುಗಿಸಿಬಿಡಿ" ಎಂದರು. ಮುಗಿಸುತ್ತೇನೆ. ಆದರೆ ಕನ್ನಡದ ವೇದಿಕೆಗೆ ಗಣಿತ ಹೊಸಬರೇನಲ್ಲ. ಕವಿರಾಜಮಾರ್ಗ ಹುಟ್ಟಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹವನ್ನು ಬರೆದ. ಅದು ಸಂಸ್ಕೃತದಲ್ಲಿತ್ತು. ಹನ್ನೆರಡನೆಯ ಶತಮಾನದ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ನಮ್ಮಲ್ಲಿ ಲೆಕ್ಕವೂ ಸಾಹಿತ್ಯವೂ ಒಂದೇ ಆಸ್ಥಾನದಲ್ಲಿ ಕೂತಿದ್ದವು.

ನಾನು ಇವತ್ತು ಹೇಳಹೊರಟಿರುವುದು ಒಂದು ನಿರ್ದಿಷ್ಟ ಪಾಠದ ಚರಿತ್ರೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಜೀವವಿಜ್ಞಾನದ ವಿದ್ಯಾರ್ಥಿಗಳಿಗೆಂದೇ ಒಂದು ಕ್ಯಾಲ್ಕ್ಯುಲಸ್ ಕೋರ್ಸ್ ಇರುತ್ತದೆ. ಟೆಕ್ಸಸ್ ಎ ಅಂಡ್ ಎಂನಲ್ಲಿ ಅದು ಗಣಿತ 147 ಮತ್ತು 148. ಆಸ್ಟಿನ್‌ನಲ್ಲಿ ಎಂ 408ಆರ್. ಡಾಕ್ಟರ್ ಆಗಬೇಕೆನ್ನುವ ನಮ್ಮ ಮಕ್ಕಳು, ಸೂಕ್ಷ್ಮಜೀವಿಶಾಸ್ತ್ರ ಓದುವವರು, ಸಾರ್ವಜನಿಕ ಆರೋಗ್ಯಕ್ಕೆ ಹೋಗುವವರು ಇಂಥ ತರಗತಿಯಲ್ಲಿ ಕೂರುತ್ತಾರೆ. ಕೂತು, "ಇದು ನನಗೇಕೆ?" ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮದೇ ಊರುಗಳ ಕಥೆ.

ನಮ್ಮ ಕಡೆಯ ಗೋಡೆ

ನಾನು ಈ ಪಾಠವನ್ನು ಕೂತು ಕಲಿತವಳು. ಕಲಿತದ್ದು ನನ್ನ ಮೂವತ್ತಾರನೆಯ ವಯಸ್ಸಿನಲ್ಲಿ. ಮೈಸೂರು ಸೀಮೆಯಲ್ಲಿ ಬಿ.ಎಸ್ಸಿ. ಮಾಡಿದೆ, ಸಿಬಿಝಡ್: ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಪಿಯುಸಿಯಲ್ಲಿ ಗಣಿತದ ಜಾಗದಲ್ಲಿ ಗೃಹವಿಜ್ಞಾನ ತೆಗೆದುಕೊಂಡಿದ್ದೆ. ಹಾಗಾಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಮಧ್ಯಾಹ್ನವೇ ಗಣಿತಕ್ಕೂ ನನಗೂ ಋಣ ತೀರಿತ್ತು. ಕರ್ನಾಟಕದಲ್ಲಿ ಕಲನಶಾಸ್ತ್ರ ಬರುವುದೇ ಪಿಯುಸಿ ಗಣಿತದಲ್ಲಿ. ಅದನ್ನು ಬಿಟ್ಟವರು ಆ ಪದವನ್ನೂ ಕೇಳದೆ ಪದವೀಧರರಾಗಬಹುದಿತ್ತು.

ಈ ಸಭೆಯಲ್ಲಿ ಪಿಸಿಎಂಬಿ ಎಂಬ ನಾಲ್ಕಕ್ಷರ ಗೊತ್ತಿಲ್ಲದವರು ಯಾರೂ ಇರಲಾರರು. "ಎರಡೂ ಬಾಗಿಲು ತೆರೆದಿರಲಿ" ಎಂದು ಅಪ್ಪಂದಿರು ಕೊಡಿಸುತ್ತಿದ್ದ ಕಾಂಬಿನೇಷನ್ ಅದು. 1994ರಲ್ಲಿ ಸಿಇಟಿ ಬಂದ ಮೇಲೆ ಆ ಎರಡು ಬಾಗಿಲುಗಳು ಇನ್ನೂ ಸ್ಪಷ್ಟವಾದವು: ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತ, ರಸಾಯನ, ಗಣಿತ, ಮೆಡಿಕಲ್ ರ‍್ಯಾಂಕಿಗೆ ಭೌತ, ರಸಾಯನ, ಜೀವಶಾಸ್ತ್ರ. ಒಂದು ಬಾಗಿಲಿನಲ್ಲಿ ಜೀವವಿಲ್ಲ, ಇನ್ನೊಂದರಲ್ಲಿ ಲೆಕ್ಕವಿಲ್ಲ. ಡಿಗ್ರಿಗೆ ಹೋದರೆ ಪಿಸಿಎಂ ಒಂದು ಕಡೆ, ಸಿಬಿಝಡ್ ಒಂದು ಕಡೆ. ಒಂದೇ ಕಾಲೇಜಿನ ಎರಡು ಮಹಡಿ. ಕೆಳಗಿನವರು ಕಪ್ಪೆ ಕೊಯ್ಯುತ್ತಿದ್ದರು, ಮೇಲಿನವರು ಲೆಕ್ಕ ಮಾಡುತ್ತಿದ್ದರು. "ಲೆಕ್ಕ ಬರದವರು ಬಯಾಲಜಿ ತಗೋತಾರೆ" ಎಂಬ ಮಾತನ್ನು, ಅದರಲ್ಲೂ ಹುಡುಗಿಯರ ಮುಂದೆ, ಎಷ್ಟು ಮನೆಗಳಲ್ಲಿ ಆಡಿದ್ದಾರೋ.

ನಮ್ಮಲ್ಲಿ ಅನೇಕರು ಮದುವೆಯಾಗಿ ಎಚ್4 ವೀಸಾದ ಮೇಲೆ ಇಲ್ಲಿಗೆ ಬಂದೆವು. 2015ರ ಮೇ ತಿಂಗಳವರೆಗೆ ಆ ವೀಸಾದವರಿಗೆ ಕೆಲಸ ಮಾಡುವ ಅವಕಾಶವಿರಲಿಲ್ಲ. ಆಮೇಲೂ ಕೆಲವರಿಗಷ್ಟೇ ಸಿಕ್ಕಿತು. ಓದುವುದಕ್ಕೆ ಮಾತ್ರ ಅಡ್ಡಿಯಿರಲಿಲ್ಲ. ಹೀಗೆ ಕಾಲೇಜಿಗೆ ಹೋದವರ ಮುಂದೆ, ಊರಿನಲ್ಲಿ ಬಿಟ್ಟುಬಂದಿದ್ದ ಗಣಿತ ಬಾಗಿಲಲ್ಲೇ ನಿಂತಿತ್ತು. ಜೀವವಿಜ್ಞಾನದಲ್ಲಿ ಮುಂದಕ್ಕೆ ಹೋಗಬೇಕಾದರೆ ಮೊದಲು ಕ್ಯಾಲ್ಕ್ಯುಲಸ್ ಪಾಸಾಗಬೇಕು. ನಾನು ಸೇರಿದ ಕಾಲೇಜಿನಲ್ಲಿ ಸಲಹೆಗಾರರೊಬ್ಬರು ನನ್ನ ಅಂಕಪಟ್ಟಿ ನೋಡಿ, ಇಷ್ಟು ವರ್ಷದ ಮೇಲೆ ಇದು ಕಷ್ಟ, ಗಣಿತ ಕೇಳದ ಬೇರೆ ಯಾವುದಾದರೂ ಸರ್ಟಿಫಿಕೇಟ್ ಕೋರ್ಸ್ ನೋಡಿ ಎಂದರು. ನಾನು ನೋಡಲಿಲ್ಲ.

ಪಠ್ಯದೊಳಗೆ ಸಿಕ್ಕ ಊರುಗಳು

ಕಲನ ಎಂದರೆ ಬದಲಾವಣೆಯ ಲೆಕ್ಕ. ಒಂದು ವಸ್ತು ಈಗ ಎಷ್ಟಿದೆ ಎನ್ನುವುದು ಒಂದು ಪ್ರಶ್ನೆ. ಈ ಗಳಿಗೆಯಲ್ಲಿ ಅದು ಯಾವ ವೇಗದಲ್ಲಿ ಏರುತ್ತಿದೆ ಅಥವಾ ಇಳಿಯುತ್ತಿದೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಅವಕಲನ. ವೇಗ ಗೊತ್ತಿದ್ದು ಮೊತ್ತ ಬೇಕೆಂದಾಗ ಅನುಕಲನ. ಎಂಜಿನಿಯರುಗಳ ಪುಸ್ತಕದಲ್ಲಿ ಇದನ್ನು ಗೋಡೆಗೆ ಒರಗಿಸಿದ ಏಣಿ ಜಾರುವುದರಿಂದಲೋ, ಆಕಾಶಕ್ಕೆ ಏರುವ ರಾಕೆಟ್ಟಿನಿಂದಲೋ ಹೇಳಿಕೊಡುತ್ತಾರೆ. ಜೀವವಿಜ್ಞಾನದವರ ತರಗತಿಯಲ್ಲಿ ಬ್ಯಾಕ್ಟೀರಿಯಾ, ಸೊಳ್ಳೆ, ಔಷಧದ ಡೋಸು, ಸಾಂಕ್ರಾಮಿಕ ರೋಗ ಬರುತ್ತವೆ. ಈ ಉದಾಹರಣೆಗಳು ಎಲ್ಲಿಂದ ಬಂದವು?

ಮೊದಲು ಸೊಳ್ಳೆ. 1883ರಲ್ಲಿ ಬೆಂಗಳೂರಿನ ದಂಡಿಗೆ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ಬಂದ. ತಾನಿದ್ದ ಬಂಗಲೆಯ ಬಳಿ ನಿಂತ ನೀರನ್ನು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಅವನು ಅಲ್ಲಿಯೇ ಗಮನಿಸಿದ. 1895ರಲ್ಲಿ ಕಾಲರಾ ಕೆಲಸದ ಮೇಲೆ ಮತ್ತೆ ಬೆಂಗಳೂರಿಗೆ ಬಂದ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಶಾಲೆಯ ಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ರಾಸ್‌ನ ಎರಡನೆಯ ಕೆಲಸ ಇಲ್ಲಿಂದ ಶುರು. ಊರಿನ ಸೊಳ್ಳೆಗಳನ್ನೆಲ್ಲ ಯಾರಿಗೆ ಕೊಲ್ಲಲು ಸಾಧ್ಯ ಎಂದು ಜನ ಅವನನ್ನು ಗೇಲಿ ಮಾಡುತ್ತಿದ್ದರು. ಅದಕ್ಕೆ ಅವನು ಸಮೀಕರಣದಲ್ಲಿ ಉತ್ತರ ಕೊಟ್ಟ. ಎಲ್ಲ ಸೊಳ್ಳೆಗಳನ್ನು ಕೊಲ್ಲಬೇಕಿಲ್ಲ. ಅವುಗಳ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ, ಹೊಸದಾಗಿ ಕಾಯಿಲೆ ಬೀಳುವವರಿಗಿಂತ ಗುಣವಾಗುವವರೇ ಹೆಚ್ಚಾಗಿ, ಮಲೇರಿಯಾ ತಾನಾಗಿ ಕರಗುತ್ತದೆ. 1910 ಮತ್ತು 1911ರಲ್ಲಿ ಮಲೇರಿಯಾ ತಡೆಯ ಕುರಿತ ಅವನ ಪುಸ್ತಕ ಎರಡು ಆವೃತ್ತಿಗಳಲ್ಲಿ ಬಂದಾಗ ಈ ಲೆಕ್ಕವೂ ಅದರಲ್ಲಿತ್ತು.

ಎರಡನೆಯದು ಬ್ಯಾಕ್ಟೀರಿಯಾ. ರಾಸ್ ಜತೆ 1901ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ಗೆ ಹೋಗಿದ್ದ ಆಂಡರ್ಸನ್ ಮೆಕೆಂಡ್ರಿಕ್ ಎಂಬ ವೈದ್ಯ ಭಾರತೀಯ ವೈದ್ಯಕೀಯ ಸೇವೆಯಲ್ಲಿದ್ದ. ರಾಸ್‌ನ ಒತ್ತಾಯದಿಂದಲೇ ಅವನಿಗೆ ಗಣಿತದ ಗೀಳು ಹತ್ತಿತು. ಅವನು 1911ರ ಹೊತ್ತಿಗೆ ಸೂಕ್ಷ್ಮಜೀವಿಗಳು ಯಾವ ವೇಗದಲ್ಲಿ ಹೆಚ್ಚುತ್ತವೆ ಎಂಬುದರ ಮೇಲೆ ಒಂದು ಪ್ರಬಂಧ ಬರೆದ. ಅದರಲ್ಲಿ ಅವನ ಜತೆಗಾರನ ಹೆಸರು ಎಂ. ಕೇಶವ ಪೈ. ಆ ಹೆಸರನ್ನು ನಾನು ಗ್ರಂಥಾಲಯದಲ್ಲಿ ಓದಿದಾಗ ಎರಡು ಸಲ ಓದಿದೆ. ಪೈ ಎಂಬುದು ನಮ್ಮ ಕರಾವಳಿಯ ಕಿವಿಗಳಿಗೆ ಎಷ್ಟು ಪರಿಚಿತವಾದ ಹೆಸರು! ಎಡಿನ್‌ಬರೊದ ರಾಯಲ್ ಸೊಸೈಟಿಯ ನಡಾವಳಿಯಲ್ಲಿ, ವಸಾಹತಿನ ಒಬ್ಬ ಭಾರತೀಯ ಪ್ರಯೋಗಾಲಯದಲ್ಲಿ ಲೆಕ್ಕ ಹಿಡಿದವನಾಗಿ ನಿಂತಿದ್ದಾನೆ.

ಅವರಿಬ್ಬರು ಹೇಳಿದ್ದೇನು ಎಂಬುದನ್ನು ತಿಳಿಯಲು ಅಡುಗೆಮನೆ ಸಾಕು. ಹಾಲಿಗೆ ಹೆಪ್ಪು ಹಾಕುತ್ತೇವೆ. ಹ್ಯೂಸ್ಟನ್ನಿನ ಬೇಸಿಗೆಯಲ್ಲಿ ಮಧ್ಯಾಹ್ನ ಹಾಕಿದರೆ ಸಂಜೆಗೆ ಗಟ್ಟಿ ಮೊಸರು; ಡಲ್ಲಾಸಿನ ಜನವರಿಯಲ್ಲಿ ಪಾತ್ರೆಯನ್ನು ಓವನ್ನಿನ ದೀಪದ ಕೆಳಗಿಟ್ಟು ಬೆಳಗಿನವರೆಗೆ ಕಾಯಬೇಕು. ಒಳಗೆ ನಡೆಯುವುದು ಇಷ್ಟು. ಒಂದು ಎರಡಾಗಿ, ಎರಡು ನಾಲ್ಕಾಗಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಪ್ರಯೋಗಾಲಯದಲ್ಲಿ ಎಲ್ಲ ಅನುಕೂಲ ಕೊಟ್ಟಾಗ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಆ ಲೆಕ್ಕದಲ್ಲಿ ಒಂದು ಜೀವಕೋಶ 10 ಗಂಟೆಯಲ್ಲಿ 30 ಸಲ ದುಪ್ಪಟ್ಟಾಗಿ 107 ಕೋಟಿ ದಾಟುತ್ತದೆ. ಹೀಗೇ ಒಂದು ವಾರ ಬಿಟ್ಟರೆ ಭೂಮಿಯಲ್ಲಿ ಅವಕ್ಕೆ ಜಾಗ ಸಾಲದು. ಆದರೆ ಪಾತ್ರೆಯಲ್ಲಿ ಹಾಗಾಗುವುದಿಲ್ಲ. ಹಾಲಿನ ಸಕ್ಕರೆ ಕರಗುತ್ತಾ ಬರುತ್ತದೆ, ಹುಳಿ ಏರುತ್ತದೆ, ಬೆಳವಣಿಗೆ ತಗ್ಗುತ್ತದೆ. ಮೆಕೆಂಡ್ರಿಕ್ ಮತ್ತು ಪೈ ಬರೆದದ್ದು ಇದನ್ನೇ: ಬೆಳೆಯುವ ವೇಗ ಈಗ ಎಷ್ಟು ಬ್ಯಾಕ್ಟೀರಿಯಾ ಇವೆ ಎಂಬುದನ್ನೂ ಇನ್ನೆಷ್ಟು ಆಹಾರ ಉಳಿದಿದೆ ಎಂಬುದನ್ನೂ ಒಟ್ಟಿಗೆ ಅವಲಂಬಿಸಿದೆ. ಬೆಲ್ಜಿಯಮ್ಮಿನ ವೆರ್‌ಹುಲ್ಸ್ಟ್ 1838ರಲ್ಲೇ ಜನಸಂಖ್ಯೆಗೆ ಇಂಥದೇ ಸಮೀಕರಣ ಬರೆದಿದ್ದ; ಜನ ಅದನ್ನು ಮರೆತಿದ್ದರು. ಇವರಿಬ್ಬರು ಬ್ಯಾಕ್ಟೀರಿಯಾದ ಹಾದಿಯಿಂದ ಅಲ್ಲಿಗೆ ತಲುಪಿದರು. ಆ ಗೆರೆ ಮೊದಲು ಮೆಲ್ಲಗೆ, ಆಮೇಲೆ ಕಡಿದಾಗಿ ಏರಿ, ಕೊನೆಗೆ ಚಪ್ಪಟೆಯಾಗುತ್ತದೆ. ಅರ್ಧ ತುಂಬಿದಾಗ ವೇಗ ಅತಿ ಹೆಚ್ಚು. ತರಗತಿಯಲ್ಲಿ ಆ ಬಿಂದುವನ್ನು ಕಂಡುಹಿಡಿಯಿರಿ ಎಂದಾಗ ಹದಿನೆಂಟರ ಹುಡುಗರು ಸೂತ್ರ ಹುಡುಕುತ್ತಿದ್ದರು. ನನಗೆ ಮೊಸರಿನ ಪಾತ್ರೆ ಕಣ್ಣ ಮುಂದಿತ್ತು.

ಮೂರನೆಯದು ಪ್ಲೇಗು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲು ಹತ್ತಿ ಹುಬ್ಬಳ್ಳಿಗೆ, 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳ ಹಿಂದೆ ಆ ಭಯವಿದೆ. ಪ್ಲೇಗಮ್ಮನ ಗುಡಿಗಳು ಇವತ್ತಿಗೂ ಇವೆ. ಇಲಿ ಬಿದ್ದ ಸುದ್ದಿ ಬಂದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ನಿಮ್ಮಲ್ಲಿ ಹಿರಿಯರು ಅಜ್ಜಿಯರ ಬಾಯಲ್ಲಿ ಕೇಳಿರಬಹುದು.

ಮೆಕೆಂಡ್ರಿಕ್ 1920ರಲ್ಲಿ ಎಡಿನ್‌ಬರೊಗೆ ಮರಳಿ, ಅಲ್ಲಿನ ವೈದ್ಯರ ಕಾಲೇಜಿನ ಪ್ರಯೋಗಾಲಯದ ಮುಖ್ಯಸ್ಥನಾದ. ಅಲ್ಲಿ ವಿಲಿಯಂ ಕೆರ್ಮ್ಯಾಕ್ ಎಂಬ ರಸಾಯನಶಾಸ್ತ್ರಜ್ಞನಿದ್ದ. 1924ರಲ್ಲಿ ಪ್ರಯೋಗವೊಂದು ಸಿಡಿದು ಅವನ ಎರಡೂ ಕಣ್ಣು ಹೋಯಿತು. ಅವನು ಗಣಿತವನ್ನು ಮನಸ್ಸಿನಲ್ಲೇ ಮಾಡುತ್ತಾ ಹೋದ. 1927ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧದಲ್ಲಿ ಊರಿನ ಜನರನ್ನು ಮೂರು ಗುಂಪು ಮಾಡಿದರು: ರೋಗ ಇನ್ನೂ ತಗಲದವರು, ತಗಲಿದವರು, ಮತ್ತು ರೋಗದಿಂದ ಆಚೆ ಹೋದವರು. ಈ ಮೂರನೆಯ ಗುಂಪಿನಲ್ಲಿ ಗುಣವಾದವರೂ ಇದ್ದಾರೆ, ಸತ್ತವರೂ ಇದ್ದಾರೆ. ಲೆಕ್ಕಕ್ಕೆ ಎರಡೂ ಒಂದೇ. ಮೂರು ಗುಂಪುಗಳೂ ಯಾವ ವೇಗದಲ್ಲಿ ಬದಲಾಗುತ್ತವೆ ಎಂದು ಮೂರು ಸಮೀಕರಣ ಬರೆದರು. ತಗಲದವರೆಲ್ಲ ಮುಗಿಯುವವರೆಗೆ ರೋಗ ಕಾಯುವುದಿಲ್ಲ, ಅವರ ಸಂಖ್ಯೆ ಒಂದು ಮಟ್ಟಕ್ಕಿಂತ ಕೆಳಗಿಳಿದ ಮೇಲೆ ಅದು ತಗ್ಗತೊಡಗುತ್ತದೆ ಎಂದು ತೋರಿಸಿದರು. ತಮ್ಮ ಗೆರೆಯನ್ನು ನಿಜದ ಲೆಕ್ಕದ ಜತೆ ಹೋಲಿಸಲು ಅವರು ತೆಗೆದುಕೊಂಡದ್ದು 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರವರೆಗೆ ಮುಂಬಯಿಯಲ್ಲಿ ವಾರವಾರಕ್ಕೆ ಪ್ಲೇಗಿನಿಂದ ಸತ್ತವರ ಸಂಖ್ಯೆ. ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ನೆರಳು, ಹಾಗಾಗಿ ಈ ಹೋಲಿಕೆ ಸ್ಥೂಲವಾದದ್ದು ಎಂದು ಅವರೇ ಒಪ್ಪಿಕೊಂಡರು.

ಅಮೆರಿಕದಲ್ಲಿ 1990ರ ದಶಕದಲ್ಲಿ ಐದು ಕಾಲೇಜುಗಳ ಅಧ್ಯಾಪಕರು ಸೇರಿ ಬರೆದ 'ಕ್ಯಾಲ್ಕ್ಯುಲಸ್ ಇನ್ ಕಾಂಟೆಕ್ಸ್ಟ್' ಎಂಬ ಪಠ್ಯಪುಸ್ತಕದ ಮೊದಲ ಅಧ್ಯಾಯವೇ ದಡಾರ ಹರಡುವ ಬಗೆ. ಅದರಲ್ಲಿರುವುದು ಈ ಮೂರು ಗುಂಪುಗಳ ಸಮೀಕರಣ. 2020ರಲ್ಲಿ ಟಿವಿಯಲ್ಲಿ ದಿನಾ ಸಂಜೆ ನಾವು ನೋಡಿದ ಕೋವಿಡ್ ಗೆರೆಗಳ ಹಿಂದಿದ್ದದ್ದೂ ಅದೇ ಕುಟುಂಬದ ಲೆಕ್ಕ. ನನಗೆ ಮುಖ್ಯವೆನಿಸಿದ ಮಾತು ಇದು: ಆ ಪಠ್ಯದಲ್ಲಿ ನಮ್ಮವರು ಮೊದಲಿನಿಂದಲೂ ಇದ್ದಾರೆ, ಆದರೆ ಹೆಚ್ಚಿನವರು ಗೆರೆಯ ಮೇಲಿನ ಚುಕ್ಕೆಗಳಾಗಿ. ವಾರಕ್ಕೆ ಇಷ್ಟು ಎಂದು ಎಣಿಸಲ್ಪಟ್ಟ ಹೆಣಗಳಾಗಿ. ಎಣಿಸುವವರ ಸಾಲಿನಲ್ಲಿ ಕೇಶವ ಪೈಯಂಥ ಒಂದೊಂದು ಹೆಸರು. ಆ ಸಾಲು ಉದ್ದವಾಗಬೇಕು ಎಂಬುದೇ ನನ್ನ ಭಾಷಣದ ಆಸೆ.

ಟೆಕ್ಸಸ್‌ನ ಗೋಡೆ, ಟೆಕ್ಸಸ್‌ನ ಬಾಗಿಲು

ಸಮೀಕರಣಗಳು 1927ಕ್ಕೇ ಸಿದ್ಧವಿದ್ದರೂ ಜೀವಶಾಸ್ತ್ರದವರ ತರಗತಿಗೆ ಅವು ಬರಲು ಇನ್ನೂ ಎಷ್ಟೋ ದಶಕ ಬೇಕಾಯಿತು. 1957ರಲ್ಲಿ ರಷ್ಯಾದ ಸ್ಪುಟ್ನಿಕ್ ಹಾರಿತು. 1958ರಲ್ಲಿ ಅಮೆರಿಕ ರಕ್ಷಣಾ ಶಿಕ್ಷಣ ಕಾಯಿದೆ ಮಾಡಿ ಗಣಿತ ವಿಜ್ಞಾನಗಳಿಗೆ ಹಣ ಸುರಿಯಿತು. ನಾವು ಈಗ ಕೂತಿರುವ ಕ್ಲಿಯರ್ ಲೇಕ್ ಆ ಓಟದ ಕೂಸು. 1961ರಲ್ಲಿ ನಾಸಾ ಈ ಜಾಗವನ್ನು ಆರಿಸಿತು. ಆಮೇಲೆ ಇಲ್ಲಿ ಮನೆ, ಶಾಲೆ, ಕಾಲೇಜು ಎದ್ದವು. ಹ್ಯೂಸ್ಟನ್ ವಿಶ್ವವಿದ್ಯಾಲಯದ ಕ್ಲಿಯರ್ ಲೇಕ್ ಶಾಖೆಗೆ 1971ರಲ್ಲಿ ಶಾಸನಸಭೆ ಒಪ್ಪಿಗೆ ಕೊಟ್ಟಿತು. 1974ರಲ್ಲಿ ತರಗತಿಗಳು ಶುರುವಾದವು. ಬಹುಕಾಲ ಅಲ್ಲಿ ಪದವಿಯ ಕೊನೆಯ ಎರಡು ವರ್ಷ ಮತ್ತು ಸ್ನಾತಕೋತ್ತರ ತರಗತಿ ಮಾತ್ರ ಇದ್ದವು. ಮೊದಲೆರಡು ವರ್ಷದ ಕ್ಯಾಲ್ಕ್ಯುಲಸ್ಸನ್ನು ಸಮುದಾಯ ಕಾಲೇಜುಗಳಲ್ಲಿ ಮುಗಿಸಿ ಬರಬೇಕಿತ್ತು. ಮೊದಲ ವರ್ಷದವರನ್ನು ಸೇರಿಸಿಕೊಳ್ಳಲು ಶುರುಮಾಡಿದ್ದು 2014ರಲ್ಲಿ.

ಆ ಕಾಲದ ಕ್ಯಾಲ್ಕ್ಯುಲಸ್ ರಾಕೆಟ್ಟಿನವರಿಗಾಗಿ ಕಟ್ಟಿದ್ದು. ಜೀವಶಾಸ್ತ್ರದವರು ಅದನ್ನು ಕಹಿ ಔಷಧದಂತೆ ಕುಡಿದು ಮರೆಯುತ್ತಿದ್ದರು. 1986ರಲ್ಲಿ ಗಣಿತದ ಅಧ್ಯಾಪಕರು ಟ್ಯುಲೇನ್ ವಿಶ್ವವಿದ್ಯಾಲಯದಲ್ಲಿ ಸಭೆ ಸೇರಿ, ಈ ಪಾಠ ವಿದ್ಯಾರ್ಥಿಗಳನ್ನು ಸೋಸಿ ಹೊರಹಾಕುವ ಜರಡಿಯಾಗಿದೆ, ಇದು ಬದಲಾಗಬೇಕು ಎಂದು ಚರ್ಚಿಸಿದರು. 2000ದಲ್ಲಿ ಕ್ಲೌಡಿಯಾ ನ್ಯೂಹೌಸರ್ ಜೀವಶಾಸ್ತ್ರ ಮತ್ತು ವೈದ್ಯಕೀಯಕ್ಕೆಂದೇ ಒಂದು ಕ್ಯಾಲ್ಕ್ಯುಲಸ್ ಪಠ್ಯ ಬರೆದರು. ಮುಂದೆ ಅವರು ನಮ್ಮ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೇ ಸಂಶೋಧನಾ ಆಡಳಿತ ನೋಡಿಕೊಳ್ಳಲು ಬಂದರು. 2003ರಲ್ಲಿ ರಾಷ್ಟ್ರೀಯ ಸಂಶೋಧನಾ ಮಂಡಳಿಯ 'ಬಯೋ 2010' ವರದಿ, ನಾಳೆಯ ಜೀವವಿಜ್ಞಾನಿಗೆ ಗಣಿತ ಹೊರಗಿನ ವಿಷಯವಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆಸ್ಟಿನ್‌ನ ಲೊರೆಂಜೊ ಸಡೂನ್ ಅವರು ಜೀವಶಾಸ್ತ್ರದವರಿಗೆಂದು ಬರೆದ ಪುಸ್ತಕ 2023ರಲ್ಲಿ ಬಂತು. ಅದು ಕಲನವನ್ನು ಆರು ಕಂಬಗಳ ಮೇಲೆ ನಿಲ್ಲಿಸುತ್ತದೆ.

ಪಾಠ ಬದಲಾಗುವುದರ ಜತೆಗೆ ಪಾಠಕ್ಕೆ ಯಾರು ಕೂರಬಹುದು ಎಂಬುದೂ ಬದಲಾಗಬೇಕಿತ್ತು. ಆಸ್ಟಿನ್‌ನಲ್ಲಿ 1920ರಿಂದ 1969ರವರೆಗೆ ಪಾಠ ಮಾಡಿದ ಆರ್. ಎಲ್. ಮೂರ್ ಬಹಳ ಹೆಸರಾಂತ ಗಣಿತದ ಮೇಷ್ಟ್ರು. ವಿದ್ಯಾರ್ಥಿಗಳೇ ಪ್ರಮೇಯಗಳನ್ನು ಸಾಧಿಸಬೇಕೆನ್ನುವ ಅವರ ಬೋಧನಾಕ್ರಮಕ್ಕೆ ಅವರ ಹೆಸರೇ ಬಂದಿದೆ. ಅವರು ಕಪ್ಪು ವಿದ್ಯಾರ್ಥಿಗಳನ್ನು ತಮ್ಮ ತರಗತಿಗೆ ಸೇರಿಸುತ್ತಿರಲಿಲ್ಲ. ವೇಕೊ ಊರಿನ ವಿವಿಯನ್ ಮಲೋನ್ ಮೇಸ್ ಅವರನ್ನೂ ಸೇರಿಸಲಿಲ್ಲ. ಆಕೆ 1966ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್‌ಡಿ ಪಡೆದು, ಐದು ವರ್ಷದ ಹಿಂದೆ ಬಣ್ಣದ ಕಾರಣಕ್ಕೆ ತನಗೆ ಪ್ರವೇಶ ನಿರಾಕರಿಸಿದ್ದ ಬೇಲರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು. ಆಸ್ಟಿನ್‌ನ ಗಣಿತ ಕಟ್ಟಡಕ್ಕಿದ್ದ ಮೂರ್ ಹೆಸರನ್ನು 2020ರಲ್ಲಿ ತೆಗೆದರು.

ಇನ್ನೊಂದು ಕಥೆ ನಮ್ಮ ಮನೆಗಳಿಗೆ ಹತ್ತಿರವಾದದ್ದು. ಮುಂದೆ ಆಸ್ಟಿನ್‌ಗೆ ಬಂದ ಯೂರಿ ಟ್ರೈಸ್‌ಮನ್, 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದಾಗ ಒಂದು ಪ್ರಶ್ನೆ ಹಿಡಿದು ಹೊರಟರು: ಶಾಲೆಯಲ್ಲಿ ಚೆನ್ನಾಗಿ ಓದಿದ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕ್ಯುಲಸ್‌ನಲ್ಲಿ ಸೋಲುವುದೇಕೆ? ಸೋಮಾರಿತನ, ಬಡತನ, ತಯಾರಿ ಸಾಲದು ಎಂದು ಜನ ಹೇಳುತ್ತಿದ್ದ ಯಾವ ಕಾರಣವೂ ಹೊಂದಲಿಲ್ಲ. ಅವರು ವಿದ್ಯಾರ್ಥಿಗಳ ಜತೆಗೇ ಇದ್ದು ನೋಡಿದರು. ಕಪ್ಪು ವಿದ್ಯಾರ್ಥಿಗಳು ಒಬ್ಬೊಬ್ಬರೇ ಕೂತು ಗಂಟೆಗಟ್ಟಲೆ ಓದುತ್ತಿದ್ದರು. ಚೀನೀ ಮೂಲದವರು ತಾವು ಮಾಡಿದ ಲೆಕ್ಕವನ್ನು ತಂದು ಒಟ್ಟಿಗೆ ಕೂತು, ಒಬ್ಬರದನ್ನೊಬ್ಬರು ತಿದ್ದುತ್ತಾ, ಹರಟುತ್ತಾ ಓದುತ್ತಿದ್ದರು. ಎಲ್ಲಿ ತಪ್ಪಿತೆಂದು ಅವರಿಗೆ ಪರೀಕ್ಷೆಗೆ ಮುಂಚೆಯೇ ತಿಳಿಯುತ್ತಿತ್ತು. ಟ್ರೈಸ್‌ಮನ್ ಇದರ ಮೇಲೆ ಗುಂಪು ಅಧ್ಯಯನದ ಕಾರ್ಯಾಗಾರ ಕಟ್ಟಿದರು. ಅಲ್ಲಿ ಕೊಡುತ್ತಿದ್ದದ್ದು ಹಿಂದುಳಿದವರ ಸುಲಭ ಲೆಕ್ಕಗಳಲ್ಲ, ಇನ್ನೂ ಕಠಿಣವಾದ ಲೆಕ್ಕಗಳು. ಫಲಿತಾಂಶ ತಿರುಗಿತು. 1988ರಲ್ಲಿ ಆಸ್ಟಿನ್‌ನಲ್ಲೂ ಈ ಮಾದರಿಯ ಕಾರ್ಯಕ್ರಮ ಶುರುವಾಯಿತು.

ನಮ್ಮ ಸಿಬಿಝಡ್ ಹೆಣ್ಣುಮಕ್ಕಳ ಸ್ಥಿತಿ ಇದೇ. ಮಕ್ಕಳು ಮಲಗಿದ ಮೇಲೆ, ಡೈನಿಂಗ್ ಟೇಬಲ್ಲಿನ ಒಂದು ಮೂಲೆಯಲ್ಲಿ, ಒಬ್ಬಳೇ. ಗಂಡ ಎಂಜಿನಿಯರ್, ಅವನಿಗೆ ಲೆಕ್ಕ ಗೊತ್ತು. ಆದರೆ ಅವನು ಹೇಳಿಕೊಟ್ಟರೆ ಹತ್ತು ನಿಮಿಷಕ್ಕೆ ಜಗಳ. ನನಗೆ ದಾರಿ ಸಿಕ್ಕಿದ್ದು ಗ್ರಂಥಾಲಯದ ಒಂದು ಮೇಜಿನಲ್ಲಿ. ನೈಜೀರಿಯಾದ ಒಬ್ಬ ನರ್ಸ್, ವಿಯೆಟ್ನಾಮಿ ಮನೆಯ ಒಬ್ಬ ಹುಡುಗ, ಪಸಡೀನಾದ ಒಬ್ಬ ಲ್ಯಾಬ್ ಟೆಕ್ನಿಶಿಯನ್ ಮತ್ತು ನಾನು ಪ್ರತಿ ಮಂಗಳವಾರ ಸಂಜೆ ಕೂರುತ್ತಿದ್ದೆವು. ನರ್ಸಿಗೆ ಔಷಧದ ಅರ್ಧಾಯುಷ್ಯ ಬೆರಳ ತುದಿಯಲ್ಲಿತ್ತು. ಹುಡುಗನಿಗೆ ಬೀಜಗಣಿತ ಬರುತ್ತಿತ್ತು. ನಾನು ಮೊಸರು ಹೇಳಿದೆ. ನಾಲ್ವರೂ ಪಾಸಾದೆವು.

ಸೊಳ್ಳೆ ಮತ್ತು ಬಿದಿರು

ಪಾಸಾದ ಮೇಲೆ ಇದು ಯಾವ ಉಪಯೋಗಕ್ಕೆ? ವೈದ್ಯಕೀಯ ಪ್ರವೇಶದ ಎಂಕ್ಯಾಟ್ ಪರೀಕ್ಷೆ ಕ್ಯಾಲ್ಕ್ಯುಲಸ್ ಕೇಳುವುದಿಲ್ಲ ಎಂದು ನಮ್ಮ ಮಕ್ಕಳು ವಾದಿಸುತ್ತಾರೆ. ಅವರ ಮಾತು ನಿಜ. ಆದರೆ ಪರೀಕ್ಷೆ ಕೇಳದ್ದನ್ನೂ ಊರು ಕೇಳುತ್ತದೆ.

ಹ್ಯೂಸ್ಟನ್ನಿನಲ್ಲಿ 1964ರಲ್ಲಿ ಸೊಳ್ಳೆಯಿಂದ ಮಿದುಳಿನ ಉರಿಯೂತದ ಕಾಯಿಲೆ ಹರಡಿತು. ಮರುವರ್ಷವೇ ಹ್ಯಾರಿಸ್ ಕೌಂಟಿ ಸೊಳ್ಳೆ ನಿಯಂತ್ರಣ ವಿಭಾಗ ತೆರೆಯಿತು. 2012ರಲ್ಲಿ ಡಲ್ಲಾಸ್ ಕೌಂಟಿಯಲ್ಲಿ ವೆಸ್ಟ್ ನೈಲ್ ಜ್ವರ ಬಂದು 19 ಜನ ತೀರಿಕೊಂಡರು. ಆಗಸ್ಟಿನಲ್ಲಿ ರಾತ್ರಿ ವಿಮಾನಗಳಿಂದ ಔಷಧ ಸಿಂಪಡಿಸಿದ್ದು ಇಲ್ಲಿರುವ ಡಲ್ಲಾಸಿನವರಿಗೆ ನೆನಪಿರಬೇಕು. ಆಮೇಲೆ ಅಧ್ಯಯನ ಮಾಡಿದವರು ಒಂದು ಅಂಶ ಕಂಡರು. ಬಲೆಗೆ ಬೀಳುವ ಸೊಳ್ಳೆಗಳಲ್ಲಿ ರೋಗ ಹೊತ್ತವು ಸರಾಸರಿ ಎಷ್ಟು ಎಂಬ ಸೂಚ್ಯಂಕ, ಜನ ಆಸ್ಪತ್ರೆ ಸೇರುವುದಕ್ಕೆ ಮೊದಲೇ ಏರತೊಡಗುತ್ತದೆ. ಆಸ್ಪತ್ರೆ ತುಂಬಿದ ಮೇಲೆ ಸಂಖ್ಯೆ ಯಾರಿಗೂ ಕಾಣುತ್ತದೆ. ಅದಕ್ಕೂ ಮೊದಲು ಏರಿಕೆಯ ವೇಗವನ್ನು ಓದಬಲ್ಲವರು ಕೌಂಟಿ ಕಚೇರಿಯಲ್ಲಿ ಇರಬೇಕು. ಬೆಂಗಳೂರಿನ ಬಂಗಲೆಯಲ್ಲಿ ರಾಸ್‌ಗೆ ಹೊಳೆದದ್ದು ಡಲ್ಲಾಸಿನ ಹಿತ್ತಿಲಲ್ಲೂ ನಿಜ.

ನಮ್ಮ ಪಕ್ಕದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲೂ ರಾಕೆಟ್ಟಿನ ಕಲನದ ಜತೆ ಮೂಳೆಯ ಕಲನ ನಡೆಯುತ್ತದೆ. ತೂಕವಿಲ್ಲದ ಜಾಗದಲ್ಲಿ ಸೊಂಟದಂಥ ಭಾರ ಹೊರುವ ಮೂಳೆಗಳು, ತಡೆಯುವ ಉಪಾಯ ಮಾಡದಿದ್ದರೆ, ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತವೆ. ಮಂಗಳಗ್ರಹಕ್ಕೆ ಹೋಗಿಬರುವ ವರ್ಷಗಟ್ಟಲೆ ಪ್ರಯಾಣದಲ್ಲಿ ಎಷ್ಟು ಉಳಿದೀತು ಎಂಬುದು ನೇರವಾಗಿ ಜೀವಶಾಸ್ತ್ರದವರ ಲೆಕ್ಕ.

ಆದರೆ ಸಮೀಕರಣವೊಂದಿದ್ದರೆ ಸಾಲದು ಎಂಬುದಕ್ಕೂ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಪ್ರಾಣಿಶಾಸ್ತ್ರ ಓದಿ ಹಾರ್ವರ್ಡಿನಲ್ಲಿ ಗಣಿತೀಯ ಪರಿಸರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದ ಮಾಧವ ಗಾಡ್ಗೀಳ್ 1973ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಕಾಗದದ ಕಾರ್ಖಾನೆಗಳಿಗೆ ಬಿದಿರು ಕಡಿದು ಕಡಿದು ಉತ್ತರ ಕನ್ನಡದ ಕಾಡು ಬರಿದಾಗುತ್ತಿತ್ತು. ಬಿದಿರು ಎಷ್ಟಿದೆ, ಎಷ್ಟು ಕಡಿಯಬಹುದು ಎಂದು ಸರ್ಕಾರ ಅವರನ್ನು ಕೇಳಿತು. ಬೆಳೆಯುವ ವೇಗ, ಕಡಿಯುವ ವೇಗ: ಕಲನದ ಪಕ್ಕಾ ಲೆಕ್ಕ. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿದರೆ ಹೊಸ ಕಳಲೆ ಚೆನ್ನಾಗಿ ಬರುತ್ತದೆ ಎಂದು ಇಲಾಖೆಯ ನಿಯಮವಿತ್ತು. ಊರಿನವರು ಮಾತ್ರ, ಆ ಮುಳ್ಳೇ ಕಳಲೆಗೆ ಬೇಲಿ, ಸವರಿದರೆ ದನ ಮತ್ತು ಕಾಡುಪ್ರಾಣಿ ಮೇಯ್ದುಬಿಡುತ್ತವೆ ಎನ್ನುತ್ತಿದ್ದರು. ಅಳೆದು ನೋಡಿದಾಗ ಊರಿನವರ ಮಾತೇ ನಿಜವಾಯಿತು. ಯಾವುದನ್ನು ಎಣಿಸಬೇಕು ಎಂದು ಹೇಳಿದವರು ಕಾಡಂಚಿನ ಜನ. ಎಣಿಸಿ ಸಾಧಿಸಿದವರು ವಿಜ್ಞಾನಿಗಳು. ಇಬ್ಬರೂ ಒಂದೇ ಭಾಷೆಯಲ್ಲಿ ಮಾತಾಡಬೇಕಾಗಿ ಬಂತು.

ಅದೇ ಇನ್‌ಸ್ಟಿಟ್ಯೂಟಿನಲ್ಲಿ 2011ರಲ್ಲಿ ನಾಲ್ಕು ವರ್ಷದ ಪದವಿ ಶುರುವಾದಾಗ, ಮೊದಲ ಮೂರು ಸೆಮಿಸ್ಟರ್ ಜೀವಶಾಸ್ತ್ರಕ್ಕೆ ಹೋಗುವವರೂ ಗಣಿತ ಓದಬೇಕು, ಗಣಿತಕ್ಕೆ ಹೋಗುವವರೂ ಜೀವಶಾಸ್ತ್ರ ಓದಬೇಕು ಎಂದು ಮಾಡಿದರು. ನಾನು ಓದಿದ ಕಾಲೇಜಿನ ಎರಡು ಮಹಡಿಗಳ ನಡುವೆ ಅಲ್ಲೊಂದು ಮೆಟ್ಟಿಲು ಬಂತು.

ನಾವೇನು ಮಾಡಬಹುದು

ಕೊನೆಗೆ ನಿಮ್ಮ ಮುಂದೆ ಎರಡು ಸಣ್ಣ ಕೋರಿಕೆ ಇಡುತ್ತೇನೆ.

ಮೊದಲನೆಯದು ಒಂದು ಮೇಜು. ನಮ್ಮ ಸಂಘಗಳು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತವೆ. ಮಕ್ಕಳನ್ನು ತರಗತಿಗೆ ಬಿಟ್ಟ ತಾಯಂದಿರು ಆ ಒಂದೂವರೆ ಗಂಟೆ ಹೊರಗೆ ಫೋನ್ ನೋಡುತ್ತಾ ಕೂರುತ್ತಾರೆ. ಅವರಲ್ಲಿ ಮತ್ತೆ ಓದುತ್ತಿರುವವರು, ಓದಬೇಕೆಂದಿರುವವರು ಇದ್ದೇ ಇರುತ್ತಾರೆ. ಅವರಿಗೊಂದು ಮೇಜು, ನಾಲ್ಕು ಕುರ್ಚಿ, ಒಂದು ಬಿಳಿ ಹಲಗೆ, ಒಂದು ಫ್ಲಾಸ್ಕ್ ಕಾಫಿ ಇಡಿ. ಪಾಠ ಹೇಳಲು ಯಾರನ್ನೂ ಕರೆಯಬೇಕಿಲ್ಲ. ಒಟ್ಟಿಗೆ ಕೂತರೆ ಅರ್ಧ ಕೆಲಸವಾಗುತ್ತದೆ ಎಂದು ಟ್ರೈಸ್‌ಮನ್ ತೋರಿಸಿದ್ದಾರೆ, ನಾನು ಅನುಭವಿಸಿದ್ದೇನೆ.

ಎರಡನೆಯದು ಬರವಣಿಗೆ. ಬಿ. ಜಿ. ಎಲ್. ಸ್ವಾಮಿಯವರು 'ಹಸುರು ಹೊನ್ನು' ಬರೆದು ಸಸ್ಯಶಾಸ್ತ್ರವನ್ನು ಕನ್ನಡದ ಮನೆಮಾತು ಮಾಡಿದರು. ಜಿ. ಟಿ. ನಾರಾಯಣರಾಯರು ಗಣಿತದ ಮೇಷ್ಟ್ರಾಗಿದ್ದು ನಕ್ಷತ್ರಗಳನ್ನು ಕನ್ನಡಕ್ಕೆ ಇಳಿಸಿದರು. ಇವರಿಬ್ಬರ ಹೊಲಗಳ ನಡುವಿನ ಬದುವಿನಲ್ಲಿ ಬೆಳೆಯುವ ಈ ಜೀವದ ಲೆಕ್ಕವನ್ನು, ಹೆಪ್ಪು, ಪ್ಲೇಗು, ಬಿದಿರುಗಳ ಮೂಲಕ ಕನ್ನಡದಲ್ಲಿ ಹೇಳುವ ಕೆಲಸಕ್ಕೆ ಜಾಗವಿದೆ. ಇಲ್ಲಿನ ಆಸ್ಪತ್ರೆ, ಲ್ಯಾಬು, ಕಾಲೇಜುಗಳಲ್ಲಿ ಅದನ್ನು ದಿನವೂ ಬಳಸುವ ಕನ್ನಡಿಗರು ಈ ಸಭೆಯಲ್ಲೇ ಕೂತಿದ್ದೀರಿ. ಒಂದೊಂದು ಲೇಖನ ಬರೆದುಕೊಡಿ. ಹಾಸನದಲ್ಲೋ ಕೊಪ್ಪಳದಲ್ಲೋ ಈ ವರ್ಷ ಗಣಿತ ಬಿಟ್ಟು ಬಯಾಲಜಿ ತೆಗೆದುಕೊಳ್ಳುತ್ತಿರುವ ಹುಡುಗಿಗೆ ಅದು ತಲುಪಲಿ.

ಘಂಟೆ ಹನ್ನೆರಡೂಮುಕ್ಕಾಲು. ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದೆ, ಸಂಘಟಕರೂ ಗಡಿಯಾರ ನೋಡುತ್ತಿದ್ದಾರೆ. ಮೇಜಿಗೆ ಹೆಸರು ಕೊಡುವವರು, ಲೇಖನ ಬರೆಯುವವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ.